ಸಿಜೆಐಗೆ ಬರೆದ ಪತ್ರ ಓದೋರು ಯಾರು?

ಚನ್ನರಾಯಪಟ್ಟಣದ ಹುಡುಗ:
ನಮ್ಮ ದೊಡ್ಡಪ್ಪನ ಪಾಲು ದಾವಾ ಕೆಳಗಿನ ಕೋರ್ಟಲ್ಲಿ ವಾಯಿದೆ ಮೇಲೆ ವಾಯಿದೆ ಕಾಣ್ತಿದೆ. ಬೇಸತ್ತು, ‘ಬೇಗ ವಿಚಾರಣೆ ಮಾಡಿಸಿ’ ಅಂತ ಸೀದಾ ಸುಪ್ರೀಂ ಕೋರ್ಟ್ ಮುಖ್ಯ ನ್ಯಾಯಮೂರ್ತಿಗೇ (ಸಿಜೆಐ) ಸ್ಪೀಡ್ ಪೋಸ್ಟ್ ಹಾಕಿದ್ದಾರೆ. ಅದನ್ನ ಅವರೇ ಓದ್ತಾರಾ? ಅವರ ಕೈಕೆಳಗೆ ಯಾರ್ಯಾರು ಇರ್ತಾರೆ?

ಹಳೇ ಗುಮಾಸ್ತ, ದೆಹಲಿ:
ಆ ಕೋರ್ಟಿನ ಫೈಲಿಂಗ್ ಕೌಂಟರ್ ಮುಂದೆ ವಕೀಲರ ಗುಮಾಸ್ತನಾಗಿ ನಿಂತೇ ತಲೆ ನರೆತವನು ನಾನು. ಇಂಥ ಪತ್ರ ನೋಡೋದು ಪಿಐಎಲ್ ಸೆಲ್, ಅಂದ್ರೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ವಿಭಾಗ. ಅವರ ಹತ್ರ 1988ರ ಮಾರ್ಗಸೂಚಿ ಇದೆ: ಜೀತ, ಕನಿಷ್ಠ ಕೂಲಿ, ಕೈದಿಗಳ ದೂರು, ಕುಟುಂಬ ಪಿಂಚಣಿ, ಹೀಗೆ 10 ಬಗೆ. ಅದರೊಳಗೆ ಬಂದದ್ದಷ್ಟೇ ಜಡ್ಜ್ ಮುಂದೆ ಹೋಗೋದು. ಕೆಳಕೋರ್ಟಿನ ಕೇಸು ಬೇಗ ಮುಗಿಸಿ ಅನ್ನೋ ಪತ್ರ ತಗೊಳ್ಳೋ ಹಾಗಿಲ್ಲ ಅಂತಲೂ ಅದರಲ್ಲೇ ಇದೆ.

ರಿಜಿಸ್ಟ್ರಿಗೆ, ಅಂದ್ರೆ ಕೋರ್ಟಿನ ಕಚೇರಿಗೆ, ಯಜಮಾನರು ಸೆಕ್ರೆಟರಿ ಜನರಲ್. ಸಾಮಾನ್ಯವಾಗಿ ಜಿಲ್ಲಾ ಜಡ್ಜ್ ದರ್ಜೆಯವರು ನಿಯೋಜನೆ ಮೇಲೆ ಬರ್ತಾರೆ. ಕೆಳಗೆ ರಿಜಿಸ್ಟ್ರಾರ್‌ಗಳು, ಬ್ರಾಂಚ್ ಆಫೀಸರ್‌ಗಳು, ಕೋರ್ಟ್ ಮಾಸ್ಟರ್‌ಗಳು. ಸಂವಿಧಾನದ 146ನೇ ವಿಧಿ ಪ್ರಕಾರ ಸಿಬ್ಬಂದಿ ನೇಮಕ ಸಿಜೆಐ ಕೈಲಿದೆ. ಖರ್ಚು ಸಂಚಿತ ನಿಧಿಯ (ಸರ್ಕಾರದ ಮುಖ್ಯ ಖಜಾನೆ) ಮೇಲೆ, ಸಂಸತ್ತು ಚರ್ಚೆ ಮಾಡಬಹುದು, ಮತಕ್ಕೆ ಹಾಕೋ ಹಾಗಿಲ್ಲ. (ಸಂಬಳದ ನಿಯಮಕ್ಕೆ ಮಾತ್ರ ರಾಷ್ಟ್ರಪತಿ ಒಪ್ಪಿಗೆ ಬೇಕು. ದುಡ್ಡಿನ ವಿಷಯ ನೋಡಿ!)

ರೋಸ್ಟರ್, ಅಂದ್ರೆ ಯಾವ ಕೇಸು ಯಾವ ಪೀಠಕ್ಕೆ ಅನ್ನೋ ಹಂಚಿಕೆ, ಸಿಜೆಐ ಅವರದ್ದೇ, 2018ರಲ್ಲಿ ಶಾಂತಿ ಭೂಷಣ್ ಕೇಸಲ್ಲಿ ತೀರ್ಪೂ ಆಗಿದೆ. ಆದ್ರೆ ಕೇಸು ಪೀಠದ ತನಕ ಹೋಗೋಕೆ ಮೊದಲು ಡಿಫೆಕ್ಟ್, ಅಂದ್ರೆ ಕಾಗದಪತ್ರದಲ್ಲಿ ರಿಜಿಸ್ಟ್ರಿ ತೋರಿಸಿದ ಕೊರತೆ, ತೀರಿಸಬೇಕು. ಹಳೇ ಕ್ರಯಪತ್ರದ ಜೆರಾಕ್ಸ್ ಮಂಕಾಗಿದ್ರೆ ಟೈಪ್ ಮಾಡಿಸಿ ತನ್ನಿ ಅಂತಾರೆ. ಸಂಜೆ ಆರಕ್ಕೆ ಟೈಪಿಸ್ಟ್ ಹುಡುಕಿಕೊಂಡು ಓಡೋದು ನಮ್ಮಂಥವರ ಪಾಡು.

ನ್ಯೂಜೆರ್ಸಿ ಸುಮಾ:
ಅಮೆರಿಕದಲ್ಲಿ ಇಂಥ ಆಡಳಿತದ ಕೆಲಸಕ್ಕೆ ಅಂತಲೇ 1972ರಲ್ಲಿ ಕಾನೂನು ಮಾಡಿ ಚೀಫ್ ಜಸ್ಟಿಸ್‌ಗೆ ಒಬ್ಬ ಅಡ್ಮಿನಿಸ್ಟ್ರೇಟಿವ್ ಅಸಿಸ್ಟೆಂಟ್ ಕೊಟ್ರು. ಆಗ ಚೀಫ್ ಜಸ್ಟಿಸ್ ಆಗಿ ವಾರೆನ್ ಬರ್ಗರ್ ಇದ್ರು. ಈಗ ಆ ಹುದ್ದೆಗೆ ಕೌನ್ಸೆಲರ್ ಅಂತಾರೆ.

ಚನ್ನರಾಯಪಟ್ಟಣದ ಹುಡುಗ:
ಹಂಗಾದ್ರೆ ದೊಡ್ಡಪ್ಪ ಏನ್ ಮಾಡ್ಬೇಕು ಸರ್?

ಹಳೇ ಗುಮಾಸ್ತ, ದೆಹಲಿ:
ವಯಸ್ಸಾಗಿದೆ ಅಂತ ಹೇಳಿ ಅದೇ ಕೋರ್ಟಲ್ಲಿ ಬೇಗ ವಿಚಾರಣೆಗೆ ಅರ್ಜಿ ಹಾಕಿಸಿ. ಆಗ್ಲಿಲ್ವಾ, ಸಂವಿಧಾನದ 227ನೇ ವಿಧಿ (ಕೆಳಕೋರ್ಟುಗಳ ಮೇಲೆ ಹೈಕೋರ್ಟಿನ ಮೇಲ್ವಿಚಾರಣೆ) ಕೆಳಗೆ ಹೈಕೋರ್ಟಿಗೆ ಹೋಗಬಹುದು. ಅದಕ್ಕೂ ಮುಂಚೆ ಆರ್ಡರ್ ಶೀಟಿನ (ಪ್ರತಿ ವಾಯಿದೆಯಲ್ಲಿ ಏನಾಯ್ತು ಅಂತ ಕೋರ್ಟ್ ಬರೆದಿಡೋ ಹಾಳೆ) ಸರ್ಟಿಫೈಡ್ ಕಾಪಿ ತೆಗೆಸಿ ಓದಿ, ವಾಯಿದೆ ಕೇಳಿದ್ದು ಯಾರು ಅಂತ ಗೊತ್ತಾಗುತ್ತೆ. ಎಷ್ಟೋ ಸಲ ನಮ್ಮ ವಕೀಲರೇ ಕೇಳಿರ್ತಾರೆ.