ಮನೆ ನೆಟ್‌ಗೆ ಪ್ರೈವಸಿ ಡಬ್ಬಿ ಹಾಕಿಸಿದವರು ಯಾರಾದ್ರೂ ಇದ್ದೀರಾ?

ಮೂಡಿಗೆರೆ ಕಡೆಯಿಂದ, ಕೇಳುತ್ತಿರುವವಳು

ನಮ್ಮದು ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿ ಸಣ್ಣ ಕಾಫಿ ತೋಟ. ಜೊತೆಗೆ ಎರಡು ರೂಮಿನ ಹೋಂಸ್ಟೇ. ಎರಡು ವರ್ಷದ ಹಿಂದೆ ಊರಿನ ಕೇಬಲ್‌ನವರೇ ಫೈಬರ್ ಎಳೆದು ಕೊಟ್ಟರು. ಮಗಳು ಮನೆಯಿಂದಲೇ ಅಮೆರಿಕದ ಕಂಪನಿಯೊಂದಕ್ಕೆ ರಾತ್ರಿ ಪಾಳಿ ಕೆಲಸ ಮಾಡುತ್ತಾಳೆ.

ಹೋದ ತಿಂಗಳು ನೆಂಟರ ಮನೆ ಗೃಹಪ್ರವೇಶದಲ್ಲಿ ಲೈನ್ ನೋಡಿಕೊಳ್ಳುವ ಹುಡುಗ ಸಿಕ್ಕಿದ. ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತವನು, "ಅಕ್ಕಾ, ನಿಮ್ಮನೇಲಿ ರಾತ್ರಿ ಮೂರು ಗಂಟೆ ತನಕ ನೆಟ್ ಓಡ್ತಿರುತ್ತಲ್ಲಾ, ಯಾರೂ ನಿದ್ದೆ ಮಾಡಲ್ವಾ?" ಅಂತ ನಗುತ್ತಾ ಕೇಳಿದ. ಕೆಟ್ಟ ಹುಡುಗ ಅಲ್ಲ. ಆದರೂ ಹೋಳಿಗೆ ಗಂಟಲಲ್ಲೇ ನಿಂತಿತು.

ಅವತ್ತಿನಿಂದ ಹುಡುಕುತ್ತಿದ್ದೇನೆ. ವಿಪಿಎನ್ ಅಂದರೆ ನಮ್ಮ ನೆಟ್ ಅನ್ನು ಬೇರೆ ಕಡೆಯಿಂದ ಸುತ್ತಿಸಿ, ಎಲ್ಲಿಗೆ ಹೋಯಿತು ಅನ್ನುವುದನ್ನು ಮುಚ್ಚುವ ವ್ಯವಸ್ಥೆಯಂತೆ. ಅದರಲ್ಲಿ ಡಿಸೆಂಟ್ರಲೈಸ್ಡ್ ವಿಪಿಎನ್ ಅಂತ ಒಂದು ಡಬ್ಬಿ ಬರುತ್ತದಂತೆ. ಒಂದೇ ಸಲ ದುಡ್ಡು, ತಿಂಗಳ ಚಂದಾ ಇಲ್ಲ. ಯಾವುದೋ ಒಂದು ಕಂಪನಿಯ ಸರ್ವರ್ ಬದಲು, ಇದೇ ಥರ ಡಬ್ಬಿ ಇಟ್ಟುಕೊಂಡವರ ಮನೆಗಳ ಮೂಲಕ ನಮ್ಮ ನೆಟ್ ಸುತ್ತಿ ಹೋಗುತ್ತದಂತೆ. ಡೀಪರ್ ಕನೆಕ್ಟ್, ಮಿಸ್ಟೀರಿಯಂ ಅಂತೆಲ್ಲ ಹೆಸರು ನೋಡಿದೆ. ಮೇಲೆ ಟೋಕನ್, ಅಂದರೆ ಕ್ರಿಪ್ಟೊ ದುಡ್ಡು, ಬೇರೆ ಸಿಗುತ್ತದಂತೆ. ಬಳಸಿದವರು ಹೇಳಿ. ಜಾಹೀರಾತಿನ ಮಾತು ಬೇಡ, ಅದನ್ನು ಸಾಕಷ್ಟು ಓದಿದ್ದೇನೆ.

ಹಾಸನ, ಸಾಲಗಾಮೆ ರಸ್ತೆ

ಅಂಥದ್ದೊಂದು ಡಬ್ಬಿ ನಮ್ಮ ಮನೆಯಲ್ಲಿ ಹದಿನಾಲ್ಕು ತಿಂಗಳು ಇತ್ತು. ನೀವು ಹೇಳಿದ ಎರಡೂ ಅಲ್ಲ, ಹೆಸರು ಬೇಡ ಬಿಡಿ. ಸೋಪಿನ ಡಬ್ಬಿಯಷ್ಟು ಗಾತ್ರ. ಎರಡು ಪೋರ್ಟ್. ಒಂದಕ್ಕೆ ಫೈಬರ್ ಮೋಡೆಮ್‌ನಿಂದ ಬರುವ ವೈರು, ಇನ್ನೊಂದರಿಂದ ವೈಫೈ ರೂಟರ್‌ಗೆ ಹೋಗುವ ವೈರು. ಐದು ನಿಮಿಷದ ಕೆಲಸ. ಹಾಕಿ ನನ್ನ ಐಪಿ, ಅಂದರೆ ನೆಟ್‌ನಲ್ಲಿ ನಮ್ಮ ಮನೆಯನ್ನು ಗುರುತಿಸುವ ನಂಬರ್, ಎಲ್ಲಿಯದು ಅಂತ ನೋಡಿದರೆ ಜರ್ಮನಿ! ಮನೆಯವರನ್ನೆಲ್ಲ ಕರೆದು ತೋರಿಸಿದೆ. ಹೆಂಡತಿ ನೋಡಿ, "ಹಾಗಾದ್ರೆ ಹಾಲು ತರೋಕೆ ಯಾರು ಹೋಗ್ತಾರೆ" ಅಂದಳು.

ಖುಷಿ ಇಳಿಯೋಕೆ ವಾರ ಬೇಕಾಗಲಿಲ್ಲ. ಬ್ಯಾಂಕಿನ ಆ್ಯಪ್ ಲಾಗಿನ್ ಬಿಡಲಿಲ್ಲ. ಒಂದು ಸರ್ಕಾರಿ ಸೈಟು ತೆರೆಯಲೇ ಇಲ್ಲ. ಹೊರದೇಶದ ಐಪಿ ಕಂಡರೆ ಬಾಗಿಲು ಹಾಕಿಕೊಳ್ಳುವ ಸೈಟುಗಳಿವೆ. ಪಿಂಗ್, ಅಂದರೆ ಕಳಿಸಿದ್ದಕ್ಕೆ ಉತ್ತರ ಬರೋಕೆ ಹಿಡಿಯುವ ಹೊತ್ತು, 28 ಮಿಲಿಸೆಕೆಂಡ್ ಇದ್ದದ್ದು 260 ಆಯ್ತು. ವಿಡಿಯೊ ಕಾಲ್‌ನಲ್ಲಿ ತಮ್ಮನೂ ನಾನೂ ಒಟ್ಟಿಗೇ ಮಾತು ಶುರು ಮಾಡುವುದು, ಒಟ್ಟಿಗೇ ನಿಲ್ಲಿಸುವುದು. ಡಬ್ಬಿಯಲ್ಲಿ ಕೆಲವು ಸೈಟುಗಳನ್ನು ಸುತ್ತಿಸದೆ ನೇರ ಬಿಡುವ ಸೌಲಭ್ಯ ಇತ್ತು. ಬ್ಯಾಂಕ್ ಸೇರಿಸಿದೆ. ಆಮೇಲೆ ಮಗನ ಶಾಲೆಯ ಆ್ಯಪ್. ಆಮೇಲೆ ಓಟಿಟಿ. ವರ್ಷ ಕಳೆಯುವಷ್ಟರಲ್ಲಿ ನಾವು ದಿನಾ ಬಳಸುವುದೆಲ್ಲ ಆ ಪಟ್ಟಿಯಲ್ಲೇ ಇತ್ತು.

ದೊಡ್ಡ ಪೆಟ್ಟು ಬೇರೆ. ನಾಲ್ಕು ತಿಂಗಳಾದ ಮೇಲೆ ಸುಮ್ನೆ ಒಂದು ದಿನ ಲೀಕ್ ಟೆಸ್ಟ್, ಅಂದರೆ ನಿಜವಾದ ಐಪಿ ಹೊರಗೆ ಸೋರುತ್ತಿದೆಯಾ ಅನ್ನುವ ಪರೀಕ್ಷೆ, ಮಾಡಿದೆ. ಐಪಿಯಲ್ಲಿ ಹಳೆಯ ಐಪಿವಿ4, ಹೊಸ ಐಪಿವಿ6 ಅಂತ ಎರಡು ಬಗೆ. ಐಪಿವಿ4 ಜರ್ಮನಿ. ಕೆಳಗೆ ಐಪಿವಿ6 ಅಂತ ಇನ್ನೊಂದು ಸಾಲು, ಅದರಲ್ಲಿ ನಮ್ಮ ನೆಟ್ ಕಂಪನಿಯದೇ ಹೆಸರು! ಡಬ್ಬಿ ನೋಡಿಕೊಳ್ಳುತ್ತಿದ್ದದ್ದು ಐಪಿವಿ4 ಮಾತ್ರ. ಐಪಿವಿ6 ಅದರ ಪಕ್ಕದಲ್ಲೇ ಹಾದು ನೇರ ಹೋಗುತ್ತಿತ್ತು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲು ತೆರೆದಿಟ್ಟು ನಾಲ್ಕು ತಿಂಗಳು ನಿದ್ದೆ ಮಾಡಿದ್ದೆ. ರೂಟರ್‌ನಲ್ಲಿ ಐಪಿವಿ6 ಆಫ್ ಮಾಡಿದ ಮೇಲೆ ಸರಿಹೋಯ್ತು. ಯಾವ ಡಬ್ಬಿ ತಂದರೂ ಹಾಕಿದ ದಿನವೇ ಎರಡೂ ಸಾಲು ನೋಡಿ.

ಚಿಕ್ಕಮಗಳೂರು, ಕೋರ್ಟಿಗೆ ಓಡಾಡುವವನು

ಮೇಡಂ, ನಿಮ್ಮ ನೆಟ್ ಬೇರೆಯವರ ಮನೆ ಮೂಲಕ ಹೋಗುತ್ತೆ ಅಂದಿರಿ. ಹಾಗಾದರೆ ಬೇರೆಯವರದು ಎಲ್ಲಿಂದ ಹೋಗುತ್ತೆ? ನಿಮ್ಮ ಮನೆಯಿಂದ!

ಟೋಕನ್ ಕೊಡುವುದು ಅದಕ್ಕೇ. ಎಲ್ಲೋ ಇರುವ ಗುರುತಿಲ್ಲದವನು ಏನು ಮಾಡಿದರೂ ಆ ಕಡೆಯ ಸೈಟಿನಲ್ಲಿ ದಾಖಲಾಗುವುದು ನಿಮ್ಮ ಮನೆಯ ಐಪಿ. ದೂರು ಆದರೆ ಪೊಲೀಸರು ನೆಟ್ ಕಂಪನಿಯನ್ನು ಕೇಳುತ್ತಾರೆ, ಕಂಪನಿ ನಿಮ್ಮ ಹೆಸರು, ವಿಳಾಸ ಕೊಡುತ್ತೆ. "ನಾನಲ್ಲ ಸಾರ್, ಡಬ್ಬಿ" ಅಂತ ಹೇಳಬಹುದು. ಅಷ್ಟರಲ್ಲಿ ಫೋನು, ಲ್ಯಾಪ್‌ಟಾಪು ಜಪ್ತಿಯಾಗಿರುತ್ತೆ. 2008ರಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಸ್ವಲ್ಪ ಮುಂಚೆ ಬಂದ ಬೆದರಿಕೆ ಇಮೇಲ್ ಹೋಗಿದ್ದು ನವಿ ಮುಂಬೈಯ ಒಂದು ಮನೆಯ ವೈಫೈಯಿಂದ. ಕಳಿಸಿದವನು ಆ ಮನೆಯವನಲ್ಲ. ಆದರೆ ತನಿಖೆಯವರು ಮೊದಲು ಹೋಗಿ ನಿಂತಿದ್ದು ಆ ಬಾಗಿಲಿಗೇ.

ಗುರುತು ಮುಚ್ಚಿ ನೆಟ್ ಬಳಸೋಕೆ ಟಾರ್ ಅನ್ನುವ ಹಳೆಯ ಜಾಲ ಇದೆಯಲ್ಲ, ಅದನ್ನು ನಡೆಸುವವರೇ ಎಕ್ಸಿಟ್ ರಿಲೇಯನ್ನು, ಅಂದರೆ ಹೊರಬಾಗಿಲನ್ನು, ಮನೆಯಿಂದ ನಡೆಸಬೇಡಿ ಅಂತ ಹೇಳುತ್ತಾರೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವರ ಮಾತು ಅದು. ನಿಮ್ಮ ಕನೆಕ್ಷನ್ ಅರ್ಜಿಯ ಹಿಂದಿನ ಸಣ್ಣ ಅಕ್ಷರಗಳನ್ನೂ ಒಮ್ಮೆ ಓದಿ. ಮನೆ ಪ್ಲಾನ್‌ನ ನೆಟ್ ಹೊರಗಿನವರಿಗೆ ಹಂಚಬಾರದು ಅಂತ ಸಾಮಾನ್ಯವಾಗಿ ಇರುತ್ತೆ.

ಇನ್ನು ಕಾಸು ಕೊಟ್ಟು ಮಾಮೂಲಿ ವಿಪಿಎನ್ ಹಾಕಿಸುತ್ತೇನೆ ಅಂದರೂ ಒಂದು ಗೊತ್ತಿರಲಿ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಆದೇಶ ಬಂತು. ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ಎಲ್ಲವನ್ನೂ 5 ವರ್ಷ ಇಟ್ಟುಕೊಳ್ಳಬೇಕು. ಅದಾದ ಮೇಲೆ ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್ ಭಾರತದೊಳಗಿದ್ದ ಸರ್ವರ್ ತೆಗೆದವು. ವಿಪಿಎನ್ ಬಳಸುವುದು ತಪ್ಪಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆ ಕೇಸು ಹಾಕಿದ ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು, ಈ ಮಾತು ಬಂದಾಗಲೆಲ್ಲ ಹೇಳದೆ ಇರೋಕಾಗಲ್ಲ.

ಸಕಲೇಶಪುರ

ಟೋಕನ್ ಆಸೆಗೆ ಬಿದ್ದವನು ನಾನು. ಎಂಟು ತಿಂಗಳಲ್ಲಿ ಬಂದಿದ್ದು ಕೈಮರದ ಹತ್ತಿರ ನಾಲ್ಕು ಜನ ತಿಂಡಿ ತಿಂದರೆ ಆಗುವಷ್ಟು ದುಡ್ಡು. ಅದರಲ್ಲಿ ಕರೆಂಟು ಕಳೆಯಿರಿ. ಕ್ರಿಪ್ಟೊ ಲಾಭಕ್ಕೆ 2022ರ ಏಪ್ರಿಲ್‌ನಿಂದ 30% ತೆರಿಗೆ ಬೇರೆ. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯೋಕೂ ಬಿಡಲ್ಲ. ನಮ್ಮ ಆಡಿಟರ್ ಇಷ್ಟು ಪುಟ್ಟ ಮೊತ್ತ ನೋಡಿ ನಕ್ಕು ಸುಸ್ತಾದರು.

ಯಾಕೆ ಕಮ್ಮಿ ಬಂತು ಅಂತ ಆಮೇಲೆ ತಿಳಿಯಿತು. ರೂಟರ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ನೆಟ್ ಕಂಪನಿ ರೂಟರ್‌ಗೆ ಕೊಟ್ಟ ನಂಬರ್, ನೋಡಿ. 100.64ರಿಂದ 100.127ರೊಳಗೆ ಶುರುವಾಗುವ ನಂಬರ್ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಒಂದೇ ಹೊರಗಿನ ಐಪಿಯನ್ನು ಕಂಪನಿ ಎಷ್ಟೋ ಮನೆಗಳಿಗೆ ಹಂಚಿರುತ್ತೆ. ಹೊರಗಿನಿಂದ ಯಾರೂ ನೇರವಾಗಿ ನಿಮ್ಮ ಡಬ್ಬಿಗೆ ಬರೋಕಾಗಲ್ಲ. ಅಂಗಡಿ ತೆರೆದಿದ್ದೀರಿ, ಗಿರಾಕಿಗೆ ದಾರಿ ಇಲ್ಲ.

ಕೊಪ್ಪ

ಪ್ರೈವಸಿ ಆಮೇಲೆ. ಸಿಡಿಲಿಗೆ ಏನು ಮಾಡಿದ್ದೀರಿ ಅಕ್ಕಾ? ಹೋದ ಏಪ್ರಿಲ್‌ನಲ್ಲಿ ಮೊದಲ ಮಳೆಗೇ ನಮ್ಮ ಎರಡು ಅಡಾಪ್ಟರ್, ಒಂದು ರೂಟರ್ ಹೋಯ್ತು. ಫೈಬರ್ ಗಾಜು, ಅದರಲ್ಲಿ ಕರೆಂಟು ಬರಲ್ಲ ನಿಜ. ಪ್ಲಗ್ಗಿನಿಂದ ಬರುತ್ತೆ. ಹತ್ತಿಪ್ಪತ್ತು ಸಾವಿರದ ಡಬ್ಬಿ ಇಟ್ಟರೆ ಗುಡುಗು ಕೇಳಿದ ತಕ್ಷಣ ಕಿತ್ತಿಡೋಕೆ ಒಬ್ಬರು ಮನೆಯಲ್ಲಿರಬೇಕು.

ಅರಸೀಕೆರೆ

ಎಲ್ಲರೂ ಹೆದರಿಸುತ್ತಿದ್ದೀರಿ. ನಾನು ಎರಡು ವರ್ಷದಿಂದ ಬಳಸುತ್ತಿದ್ದೇನೆ, ತೊಂದರೆ ಆಗಿಲ್ಲ. ನಮ್ಮದರಲ್ಲಿ ಹಂಚುವುದನ್ನು ಆಫ್ ಮಾಡುವ ಆಯ್ಕೆ ಇದೆ, ಮೊದಲ ದಿನವೇ ಆಫ್. ಟೋಕನ್ ಕಡೆ ತಲೆ ಹಾಕಿಲ್ಲ. ಟಿವಿ ಮತ್ತು ನನ್ನ ಲ್ಯಾಪ್‌ಟಾಪ್ ಮಾತ್ರ ಡಬ್ಬಿಯ ಹಿಂದೆ, ಫೋನುಗಳೆಲ್ಲ ನೇರ. ತಿಂಗಳ ಚಂದಾ ಉಳಿಯಿತು. ಆಫ್ ಮಾಡೋಕೆ ಬಿಡದ ಡಬ್ಬಿ ಆದರೆ ಕೊಳ್ಳಬೇಡಿ, ಅಷ್ಟೇ.

ಬೇಲೂರು, ನೆಟ್‌ವರ್ಕ್ ಕೆಲಸದವನು

ಎಲ್ಲ ಓದಿದೆ. ಯಾರೂ ಆ ಹುಡುಗ ಕೇಳಿದ ಪ್ರಶ್ನೆ ಕಡೆ ನೋಡಲಿಲ್ಲ ಅಲ್ವಾ? ಅವನು "ಯಾವ ಸೈಟ್ ನೋಡ್ತೀರಿ" ಅಂತ ಕೇಳಲಿಲ್ಲ. "ಎಷ್ಟು ಹೊತ್ತಿನ ತನಕ ಓಡುತ್ತೆ" ಅಂತ ಕೇಳಿದ.

ನೆಟ್ ಕೊಡುವವರಿಗೆ ಕಾಣುವುದು ಮುಖ್ಯವಾಗಿ ಮೂರು. ಯಾವಾಗ ಓಡಿತು, ಎಷ್ಟು ಓಡಿತು, ಎಲ್ಲಿಗೆ ಹೋಯಿತು. ಡಬ್ಬಿಯಾಗಲಿ, ವಿಪಿಎನ್ ಆಗಲಿ, ಮುಚ್ಚುವುದು ಮೂರನೆಯದನ್ನು ಮಾತ್ರ. ನೀವು ಇಪ್ಪತ್ತು ಸಾವಿರ ಸುರಿದು ಡಬ್ಬಿ ಇಟ್ಟರೂ ಮುಂದಿನ ಗೃಹಪ್ರವೇಶದಲ್ಲಿ ಆ ಹುಡುಗ ಅದೇ ಪ್ರಶ್ನೆ ಕೇಳಬಲ್ಲ.

"ಎಲ್ಲಿಗೆ" ಅನ್ನುವುದು ಕೂಡ ಈಗಾಗಲೇ ಅರ್ಧ ಮುಚ್ಚಿದೆ. ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಇದ್ದರೆ ಸೈಟಿನ ಹೆಸರು ಕಾಣುತ್ತೆ, ಒಳಗೆ ಏನು ಓದಿದಿರಿ, ಏನು ಬರೆದಿರಿ ಕಾಣಲ್ಲ. ಮಗಳ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಕಂಪನಿಯ ವಿಪಿಎನ್ ಇದ್ದರೆ ಅದರ ಮೇಲೆ ಇನ್ನೊಂದು ಸುತ್ತು ಬೇಡವೇ ಬೇಡ. ಒಂದು ದಿನ ಜರ್ಮನಿ, ಇನ್ನೊಂದು ದಿನ ಬ್ರೆಜಿಲ್‌ನಿಂದ ಲಾಗಿನ್ ಆದರೆ ಆಫೀಸಿನವರು ಅಕೌಂಟ್ ಲಾಕ್ ಮಾಡುತ್ತಾರೆ.

ಸುತ್ತಿಸಿ ಕಳಿಸುವ ಯೋಚನೆ ಒಳ್ಳೆಯದೇ. 1990ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಹುಟ್ಟಿದ್ದು, ಅದೇ ಬೆಳೆದು ಟಾರ್ ಆಯಿತು. ಈರುಳ್ಳಿ ಸಿಪ್ಪೆಯ ಹಾಗೆ ಒಂದರ ಮೇಲೊಂದು ಗುಪ್ತಲಿಪಿ, ದಾರಿಯಲ್ಲಿ ಸಾಮಾನ್ಯವಾಗಿ ಮೂರು ಕಂಪ್ಯೂಟರ್. ಮೊದಲನೆಯದಕ್ಕೆ ನೀವು ಯಾರೆಂದು ಗೊತ್ತು, ಎಲ್ಲಿಗೆ ಹೋಗುತ್ತೀರಿ ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆ ಅಂತ ಗೊತ್ತು, ಯಾರೆಂದು ಗೊತ್ತಿಲ್ಲ. ಡಬ್ಬಿ ಕೊಳ್ಳುವ ಮುಂಚೆ ಕೇಳಬೇಕಾದದ್ದು ಇದು: ನಡುವೆ ಎಷ್ಟು ಮನೆ? ಒಂದೇ ಆದರೆ ಕೇಬಲ್ ಹುಡುಗನ ಬದಲು ಇನ್ಯಾವುದೋ ದೇಶದ, ಮುಖ ನೋಡದ ಒಬ್ಬನಿಗೆ ನಿಮ್ಮ ಪಟ್ಟಿ ಸಿಕ್ಕಿತು. ಈ ಹುಡುಗನಿಗಾದರೂ ಊಟದ ಹೊತ್ತಿಗೆ ಕೇಳುವಷ್ಟು ಸಲಿಗೆ ಇದೆ.

ನಿಜವಾದ ತೂತು ಮೋಡೆಮ್‌ನಲ್ಲಿರುತ್ತೆ. ಅದನ್ನು ತಿರುಗಿಸಿ ಹೊಟ್ಟೆಯ ಕೆಳಗಿನ ಸ್ಟಿಕರ್ ನೋಡಿ. ಯೂಸರ್‌ನೇಮ್ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್ ಇರಬಹುದು. ನಮ್ಮ ಬೀದಿಯಲ್ಲಿ ಹನ್ನೊಂದು ಮನೆಗೂ ಒಂದೇ ಪಾಸ್‌ವರ್ಡ್ ಇತ್ತು, ಹಾಕಿದವನಿಗೆ ನೆನಪಿಡೋಕೆ ಸುಲಭ ಅಂತ. ನಮ್ಮ ಮೋಡೆಮ್ ಪುಟ ತೆರೆದು ನೋಡಿದರೆ ಸಾಲಾಗಿ ಹೆಸರು: ಅಪ್ಪನ ರೆಡ್ಮಿ, ಹಾಲ್ ಟಿವಿ, ತಂಗಿಯ ಹೆಸರಿನ ಫೋನ್, ಯಾವುದು ಎಷ್ಟೊತ್ತಿಗೆ ಸೇರಿತು ಅನ್ನುವುದರ ಸಮೇತ. ಪಾಸ್‌ವರ್ಡ್ ಗೊತ್ತಿದ್ದವನಿಗೆ ಇಡೀ ಮನೆಯ ಹಾಜರಿ ಪುಸ್ತಕ ಕೈಯಲ್ಲಿದ್ದ ಹಾಗೆ.

ಮೊದಲು ಆ ಪಾಸ್‌ವರ್ಡ್ ಬದಲಾಯಿಸಿ. ಆಮೇಲೆ ಎರಡು ಮೂರು ಸಾವಿರದ ಸ್ವಂತ ರೂಟರ್ ತಂದು ಮೋಡೆಮ್‌ನ ಹಿಂದೆ ಹಾಕಿ, ಮೋಡೆಮ್‌ನ ವೈಫೈ ಆಫ್ ಮಾಡಿ. ಆಗ ಅವರ ಕಡೆಯಿಂದ ನೋಡಿದರೆ ಮನೆಯೊಳಗೆ ಒಂದೇ ಸಾಧನ ಇದ್ದ ಹಾಗೆ ಕಾಣುತ್ತೆ. ಹೋಂಸ್ಟೇ ಅತಿಥಿಗಳಿಗೆ ಗೆಸ್ಟ್ ವೈಫೈ ಬೇರೆ ಕೊಡಿ. ಬಂದವರಿಗೆಲ್ಲ ಮನೆಯ ಪಾಸ್‌ವರ್ಡ್ ಹೇಳಿ ಕಳಿಸುತ್ತಿದ್ದರೆ ಡಬ್ಬಿ ಇಟ್ಟು ಏನು ಬಂತು?

ಫೋನುಗಳಲ್ಲಿ ಸೆಟ್ಟಿಂಗ್ಸ್ ಒಳಗೆ ಪ್ರೈವೇಟ್ ಡಿಎನ್‌ಎಸ್ ಅಂತ ಇದೆ, ಆಂಡ್ರಾಯ್ಡ್ 9ರಿಂದ ಈಚೆಗಿನ ಎಲ್ಲದರಲ್ಲೂ. ಅಲ್ಲಿ 'ಡಿಎನ್‌ಎಸ್ ಡಾಟ್ ಕ್ವಾಡ್9 ಡಾಟ್ ನೆಟ್' ಅಂತ ಇಂಗ್ಲಿಷ್‌ನಲ್ಲಿ ಹಾಕಿ. ಕ್ವಾಡ್9 ಸ್ವಿಟ್ಜರ್ಲೆಂಡ್‌ನ ಲಾಭಕ್ಕಲ್ಲದ ಸಂಸ್ಥೆ. ಯಾವ ಸೈಟ್ ಎಲ್ಲಿದೆ ಅಂತ ಫೋನು ಕೇಳುವ ಪ್ರಶ್ನೆ ಆಮೇಲೆ ಕೇಬಲ್‌ನವರಿಗೆ ಓದೋಕೆ ಸಿಗಲ್ಲ. ಖರ್ಚು ಸೊನ್ನೆ. ಇದಾದ ಮೇಲೂ ಬೇಕು ಅನ್ನಿಸಿದರೆ ಓಪನ್‌ವರ್ಟ್ ಅನ್ನುವ ಮುಕ್ತ ಸಾಫ್ಟ್‌ವೇರ್ ಹಾಕಿದ ರೂಟರ್‌ನಲ್ಲಿ ವೈರ್‌ಗಾರ್ಡ್ ಅನ್ನುವ ವಿಪಿಎನ್ ಹಾಕಿಕೊಡುತ್ತೇನೆ, ಆಗ ಮಾತಾಡೋಣ.

ಮೂಡಿಗೆರೆ ಕಡೆಯಿಂದ, ಕೇಳಿದವಳು

ಎಲ್ಲರಿಗೂ ಥ್ಯಾಂಕ್ಸ್. ಡಬ್ಬಿ ಸದ್ಯಕ್ಕೆ ಬೇಡ ಅಂತ ಮಾಡಿದೆವು. ಕೋರ್ಟಿನ ಸರ್ ಹೇಳಿದ್ದು ಓದಿ ನಮ್ಮ ಯಜಮಾನರಿಗೆ ಅರ್ಧ ರಾತ್ರಿ ನಿದ್ದೆ ಇಲ್ಲ.

ಮೋಡೆಮ್ ತಿರುಗಿಸಿ ನೋಡಿದೆ, ಬೇಲೂರಿನವರು ಹೇಳಿದ ಹಾಗೇ ಅಡ್ಮಿನ್, ಅಡ್ಮಿನ್. ಮಗಳು ಬದಲಾಯಿಸಿದಳು. ರೂಟರ್ ಚಿಕ್ಕಮಗಳೂರಿನಿಂದ ತರಿಸಿ ಹಾಕಿದ್ದೇವೆ. ಗೆಸ್ಟ್ ವೈಫೈ ಪಾಸ್‌ವರ್ಡ್ ಬರೆದು ರೂಮುಗಳ ಬಾಗಿಲ ಹಿಂದೆ ಅಂಟಿಸಿದ್ದೇನೆ. ಸ್ಪೈಕ್ ಗಾರ್ಡೂ ತಂದೆ, ಆದರೂ ಗುಡುಗಿದರೆ ಕಿತ್ತೇ ಇಡುವುದು.

ನಿನ್ನೆ ಬೆಳಿಗ್ಗೆ ಆ ಹುಡುಗ ಫೋನ್ ಮಾಡಿದ್ದ. "ಅಕ್ಕಾ, ನಿಮ್ಮ ಮೋಡೆಮ್ ಒಳಗೆ ಹೋಗೋಕಾಗ್ತಿಲ್ಲ, ಪಾಸ್‌ವರ್ಡ್ ಏನಾದ್ರೂ ಬದಲಾಯಿಸಿದ್ರಾ?" ಹೌದು ಕಣೋ, ಲೈನ್ ಕೆಟ್ಟರೆ ಮನೆಗೇ ಬಾ, ಕಾಫಿ ಕುಡಿದು ಸರಿ ಮಾಡಿ ಹೋಗು ಅಂದೆ. ಬರ್ತೀನಿ ಅಂದ. ನಮ್ಮ ಮೋಡೆಮ್ ಒಳಗೆ ಅವನಿಗೆ ಏನು ಕೆಲಸ ಇತ್ತು ಅಂತ ಕೇಳೋದು ಮಾತ್ರ ಮರೆತೆ.