‘ಲಂಬ ವೃತ್ತ’ದಲ್ಲಿ ‘ಲಂಬ ಬಲ’: ಎರಡಕ್ಕೂ ಒಂದೇ ಪದ ಸಾಕೇ?

ಭೌತಶಾಸ್ತ್ರದ ಇಂಥದೊಂದು ಪ್ರಶ್ನೆ ನೋಡಿ: ‘ಲಂಬ ವೃತ್ತದಲ್ಲಿ ಚಲಿಸುವ ವಸ್ತುವಿನ ಮೇಲೆ ಲಂಬ ಬಲದ ದಿಕ್ಕು ಯಾವುದು?’ ಇಲ್ಲಿ ಮೊದಲ ‘ಲಂಬ’ಕ್ಕೆ ನೆಟ್ಟಗೆ ನಿಂತದ್ದು ಎಂದರ್ಥ, ಎರಡನೆಯದಕ್ಕೆ, ತಾಗಿದ ಮೇಲ್ಮೈಗೆ 90 ಡಿಗ್ರಿ ಎಂದರ್ಥ. ಎರಡನ್ನೂ ಒಂದೇ ಎಂದುಕೊಂಡ ವಿದ್ಯಾರ್ಥಿ ವೃತ್ತದ ಎಲ್ಲ ಬಿಂದುಗಳಲ್ಲೂ ಬಾಣವನ್ನು ಮೇಲಕ್ಕೇ ಎಳೆಯುತ್ತಾನೆ. ತಪ್ಪು ಅವನದಲ್ಲ, ಪದದ್ದು.

ನೀರಿನ ಬಕೆಟ್ಟನ್ನು ತೋಳು ಬೀಸಿ ತಲೆಯ ಮೇಲಿಂದ ಸುತ್ತಿಸುವುದನ್ನೇ ನೋಡಿ. ನೀರು 1 ಕೆ.ಜಿ., ತ್ರಿಜ್ಯ 1 ಮೀಟರ್, ನೆತ್ತಿಯ ಮೇಲೆ ವೇಗ ಸೆಕೆಂಡಿಗೆ 4 ಮೀಟರ್ ಇರಲಿ. ವೃತ್ತದಲ್ಲಿ ತಿರುಗಲು ನೀರಿಗೆ ಕೇಂದ್ರದ ಕಡೆಗೆ 16 ನ್ಯೂಟನ್ ಬಲ ಬೇಕು. ತೂಕದಿಂದ 9.8 ಸಿಗುತ್ತದೆ. ಉಳಿದ 6.2 ನ್ಯೂಟನ್ ಬರುವುದು ಬಕೆಟ್ಟಿನ ತಳದಿಂದ, ಅದೂ ನೀರನ್ನು ಕೆಳಕ್ಕೆ ಒತ್ತಿ! ವೇಗ 3.13ಕ್ಕೆ ಇಳಿದರೆ ಈ ಒತ್ತು ಸೊನ್ನೆ; ಇನ್ನೂ ಇಳಿದರೆ ನೀರು ತಳ ಬಿಟ್ಟು ಮೈಮೇಲೆ ಸುರಿಯುತ್ತದೆ. ಬಕೆಟ್ಟು ಭುಜದ ಮಟ್ಟಕ್ಕೆ ಬಂದಾಗ ತಳದ ಒತ್ತು ಅಡ್ಡಡ್ಡ, ಭುಜದ ಕಡೆಗೆ. ತೀರಾ ಕೆಳಗೆ ಬಂದಾಗ ಮಾತ್ರ ನೆಟ್ಟಗೆ ಮೇಲಕ್ಕೆ. ಕೈ ಹೆಚ್ಚಿನ ಬಿರುಸು ಕೊಡದಿದ್ದರೆ ಸುಮಾರು 65 ನ್ಯೂಟನ್.

ಬಕೆಟ್ಟಿನಲ್ಲಿ ಈ ಮೂರೂ ಕಡೆ ತಳದ ಒತ್ತು ಕೇಂದ್ರದತ್ತಲೇ ಇದೆ. ಹಾಗೆಂದು ಮೇಲ್ಮೈಯ ಒತ್ತನ್ನು ‘ಕೇಂದ್ರಾಭಿಮುಖ ಬಲ’ ಎನ್ನುವಂತಿಲ್ಲ. ಕಮಾನು ಸೇತುವೆಯ ನೆತ್ತಿ ದಾಟುವ ಬೈಕನ್ನು ರಸ್ತೆ ಒತ್ತುವುದು ಮೇಲಕ್ಕೆ, ಅಂದರೆ ಕೇಂದ್ರದಿಂದ ಆಚೆಗೆ. ಮೇಲ್ಮೈ ದೂಡಬಲ್ಲದು, ಎಳೆಯಲಾರದು. ದಿಕ್ಕು ಯಾವಾಗಲೂ ಮೇಲ್ಮೈಯಿಂದ ವಸ್ತುವಿನ ಕಡೆಗೆ. ‘ಪ್ರತಿಕ್ರಿಯಾ ಬಲ’ವೂ ಬೇಡ. ಅದನ್ನು ಕೇಳಿದವರು ಇದು ತೂಕದ ಪ್ರತಿಕ್ರಿಯೆ ಎಂದುಕೊಳ್ಳುತ್ತಾರೆ. ತೂಕದ ಪ್ರತಿಕ್ರಿಯೆ ಎಂದರೆ ವಸ್ತು ಭೂಮಿಯನ್ನು ತನ್ನತ್ತ ಎಳೆಯುವ ಬಲ. ‘ಸ್ಪರ್ಶ ಬಲ’ ಎಂದರೆ ‘ಸ್ಪರ್ಶಕ’ದ, ಅಂದರೆ ವೃತ್ತವನ್ನು ಒಂದೇ ಬಿಂದುವಿನಲ್ಲಿ ತಾಗುವ ಗೆರೆಯ, ದಿಕ್ಕಿನ ಬಲವೆಂಬ ಗೊಂದಲ. ಘರ್ಷಣೆಯನ್ನೂ ಒಳಗೊಂಡ ಒಟ್ಟು ಹೆಸರಾಗಿ ‘ಸಂಪರ್ಕ ಬಲ’ವೇ ವಾಸಿ.

ಸಂಸ್ಕೃತದ ‘ಲಂಬ್’ ಧಾತುವಿಗೆ ನೇತಾಡು, ಇಳಿಬೀಳು ಎಂಬ ಅರ್ಥ, ಲಂಬೋದರನಲ್ಲಿರುವುದೂ ಅದೇ. ಗಾರೆಯವರ ತೂಗುಗುಂಡಿನ ದಾರ ತೋರಿಸುವ ದಿಕ್ಕೇ ಮೂಲದ ಲಂಬ. ಆದ್ದರಿಂದ ವೃತ್ತಕ್ಕೆ ‘ಲಂಬ’ವನ್ನು ಉಳಿಸಿ, ಮೇಲ್ಮೈಯ ಒತ್ತಿಗೆ ‘ಅಭಿಲಂಬ ಬಲ’ ಎನ್ನುವುದು ಸರಿಯೆಂದು ನನ್ನ ಅಭಿಪ್ರಾಯ. ಆದರೆ ಬೆಳಕಿನ ಪಾಠದಲ್ಲಿ ಪತನ ಬಿಂದುವಿನಲ್ಲಿ (ಕಿರಣ ಮೇಲ್ಮೈಗೆ ತಾಗುವ ಜಾಗದಲ್ಲಿ) ಮೇಲ್ಮೈಗೆ 90 ಡಿಗ್ರಿಯಲ್ಲಿ ಎಳೆಯುವ ಗೆರೆಗೆ ‘ಲಂಬ’ ಎಂದೇ ಮಕ್ಕಳು ಕಲಿತಿರುತ್ತಾರೆ. ಅಲ್ಲಿಯೂ ‘ಅಭಿಲಂಬ’ ಎಂದು ಬದಲಿಸಬೇಕೇ? ಕನ್ನಡ ಮಾಧ್ಯಮದಲ್ಲಿ ಕಲಿಸುವವರು ಏನೆನ್ನುತ್ತೀರಿ? ‘ಒತ್ತುಬಲ’ದಂಥ ಅಚ್ಚಗನ್ನಡ ಪದ ತರಗತಿಯಲ್ಲಿ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.