ಪ್ಲೇಟ್‌ಲೆಟ್ ಒಂದೇ ದಿನಕ್ಕೆ 1.42 ಲಕ್ಷದಿಂದ 61,000! ಮಿಷನ್ ತಪ್ಪಾ, ಸೆಪ್ಸಿಸ್ಸಾ?

ರಾತ್ರಿಪಾಳಿ:
ಸಣ್ಣ ಆಸ್ಪತ್ರೆಯ ಲ್ಯಾಬ್, ರಕ್ತಕಣ ಎಣಿಸುವ ತ್ರೀ ಪಾರ್ಟ್ ಮಿಷನ್ (ಬಿಳಿ ಕಣಗಳನ್ನು ಮೂರೇ ಗುಂಪಾಗಿ ವಿಂಗಡಿಸುವ ಸರಳ ಮಿಷನ್). ಮೂತ್ರದ ಸೋಂಕು ಏರಿ ಐಸಿಯು ಸೇರಿದ ಪೇಷಂಟ್, ಬ್ಲಡ್ ಕಲ್ಚರ್‌ನಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಬೆಳೆದಿದೆ, ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಹದಗೆಡುವುದು) ಇರಬಹುದು. ನಿನ್ನೆ ಪ್ಲೇಟ್‌ಲೆಟ್ 1.42 ಲಕ್ಷ, ಇವತ್ತು 61,000. ಎರಡು ಸಲ ಓಡಿಸಿದೆ, ಅದೇ ಬಂತು. ಸ್ಯಾಂಪಲ್ ಅದಲು ಬದಲಾಯಿತಾ ಅಂತ ಡ್ಯೂಟಿ ಡಾಕ್ಟರ್ ಫೋನ್ ಮೇಲೆ ಫೋನ್. ಮನೆಯವರು ಡೆಂಗಿ ಅನ್ನುತ್ತಿದ್ದಾರೆ, ಆದರೆ ಟೆಸ್ಟ್ ನೆಗೆಟಿವ್. ರಿಪೋರ್ಟ್ ಬಿಡಲಾ?

ಸ್ಲೈಡ್‌ಹುಚ್ಚ:
ಬಿಡಬೇಡಿ. ಅದೇ ಟ್ಯೂಬನ್ನು ಹತ್ತು ಸಲ ಓಡಿಸಿದರೂ ಅದೇ ಬರುತ್ತದೆ, ಸುಮ್ನೆ ರೀಏಜೆಂಟ್ ದಂಡ. ಮೊದಲು ಟ್ಯೂಬಿಗೆ ಕಡ್ಡಿ ಹಾಕಿ ಹೆಪ್ಪು ಇದೆಯಾ ನೋಡಿ. ಆಮೇಲೆ ಸ್ಮಿಯರ್ ಮಾಡಿ (ಗಾಜಿನ ಸ್ಲೈಡ್ ಮೇಲೆ ರಕ್ತವನ್ನು ತೆಳುವಾಗಿ ಸವರಿ), ಅದರ ಬಾಲದ ತುದಿಯನ್ನು ಬಿಡದೆ ನೋಡಿ. ಕೆಲವರ ರಕ್ತ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಟ್ಯೂಬಲ್ಲಿ ಹಾಕಿರುವ ರಾಸಾಯನಿಕ) ಸೇರಿದರೆ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟುತ್ತವೆ, ಮಿಷನ್ ಗುಂಪನ್ನು ಪ್ಲೇಟ್‌ಲೆಟ್ ಅಂತ ಎಣಿಸುವುದಿಲ್ಲ, ಕೆಲವೊಮ್ಮೆ ಬಿಳಿ ಕಣದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಲ್ಲಿ ಹೊಸದಾಗಿ ರಕ್ತ ತೆಗೆಸಿ ಓಡಿಸಿ, ಸಿಟ್ರೇಟ್ ದ್ರವ ರಕ್ತವನ್ನು ತೆಳುಮಾಡುವುದರಿಂದ ಬಂದದ್ದನ್ನು 1.1ರಿಂದ ಗುಣಿಸಿ.

ಕಲ್ಚರ್ ಪ್ಲೇಟ್:
ಸರ್ ಹೇಳಿದ್ದು ಸರಿ, ಆದರೆ ನನ್ನ ಅನುಮಾನ ಇದು ನಿಜವಾಗಿಯೂ ಬಿದ್ದಿದೆ ಅಂತ. ಪ್ಲೇಟ್‌ಲೆಟ್ ಅಂದರೆ ಬರೀ ಗಾಯ ಮುಚ್ಚುವ ತೇಪೆ ಅಂದುಕೊಳ್ಳುತ್ತೇವೆ ಅಲ್ವಾ? ಅದರ ಮೈಮೇಲೆ ಟಿಎಲ್‌ಆರ್4 ಅನ್ನುವ ಗ್ರಾಹಕ ಇದೆ, ಇ. ಕೋಲೈ ಗೋಡೆಯ ಎಲ್‌ಪಿಎಸ್ ಅನ್ನುವ ಅಂಶವನ್ನು ಅದು ಗುರುತಿಸುತ್ತದೆ. ಆಗ ಪ್ಲೇಟ್‌ಲೆಟ್ ಹೋಗಿ ನ್ಯೂಟ್ರೋಫಿಲ್ ಅನ್ನುವ ಬಿಳಿ ಕಣಕ್ಕೆ ಅಂಟಿಕೊಳ್ಳುತ್ತದೆ, ನ್ಯೂಟ್ರೋಫಿಲ್ ತನ್ನ ಡಿಎನ್‌ಎಯನ್ನೇ ಬಲೆಯಂತೆ ಹೊರಗೆ ಎಸೆಯುತ್ತದೆ, ಲಿವರ್ ಮತ್ತು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಬ್ಯಾಕ್ಟೀರಿಯಾ ಅದಕ್ಕೆ ಸಿಕ್ಕಿಬೀಳುತ್ತದೆ, ಜೊತೆಗೆ ಪ್ಲೇಟ್‌ಲೆಟ್ಟೂ. ಅಲ್ಲೇ ಸಣ್ಣ ಸಣ್ಣ ಹೆಪ್ಪುಗಳು ಶುರುವಾದರೆ ಪ್ಲೇಟ್‌ಲೆಟ್ ಇನ್ನೂ ಜಾಸ್ತಿ ಖರ್ಚಾಗುತ್ತದೆ. ಸಾಮಾನ್ಯವಾಗಿ 7ರಿಂದ 10 ದಿನ ಬದುಕುವ ಕಣ, ಇಲ್ಲಿ ಅಷ್ಟು ದಿನ ಉಳಿಯುವುದಿಲ್ಲ. ಮಜ್ಜೆ ಹೊಸದನ್ನು ಕಳಿಸುವಷ್ಟರಲ್ಲಿ ಎಣಿಕೆ ಬಿದ್ದಿರುತ್ತದೆ.

ರಾತ್ರಿಪಾಳಿ:
ಮೇಡಂ, ಸರ್, ನೋಡಿದೆ. ಹೆಪ್ಪು ಇಲ್ಲ, ಬಾಲದಲ್ಲಿ ಗುಂಪೂ ಇಲ್ಲ. ಸಿಟ್ರೇಟ್‌ನಲ್ಲಿ 52,000, ಗುಣಿಸಿದರೆ 57,000. ಆದರೆ ಕೆಂಪು ಕಣಗಳು ಅಲ್ಲಲ್ಲಿ ಚೂರುಚೂರಾಗಿವೆ, ಹೆಲ್ಮೆಟ್ ಆಕಾರದವೂ ಇವೆ.

ಸ್ಲೈಡ್‌ಹುಚ್ಚ:
ಹಾಗಾದರೆ 57,000 ಕೂಡ ನಂಬಬೇಡಿ! ಆ ಚೂರುಗಳನ್ನೂ ಮಿಷನ್ ಪ್ಲೇಟ್‌ಲೆಟ್ ಅಂತ ಎಣಿಸಿರಬಹುದು, ಅದಕ್ಕೆ ಗೊತ್ತಾಗುವುದು ಗಾತ್ರ ಮಾತ್ರ. ಆಯಿಲ್ ಇಮ್ಮರ್ಶನ್‌ನಲ್ಲಿ (ಮೈಕ್ರೋಸ್ಕೋಪಿನ ಎಣ್ಣೆ ಹಾಕಿ ನೋಡುವ ಲೆನ್ಸ್) ಹತ್ತು ಫೀಲ್ಡ್‌ಗಳಲ್ಲಿ, ಅಂದರೆ ಒಮ್ಮೆಗೆ ಕಾಣುವ ಜಾಗಗಳಲ್ಲಿ, ಪ್ಲೇಟ್‌ಲೆಟ್ ಎಣಿಸಿ, ಸರಾಸರಿಯನ್ನು 15,000ದಿಂದ ಗುಣಿಸಿ.

ರಾತ್ರಿಪಾಳಿ:
ಸರಾಸರಿ 3. ಅಂದರೆ ಸುಮಾರು 45,000.

ಕಲ್ಚರ್ ಪ್ಲೇಟ್:
ಈಗಲೇ ಫೋನ್ ಮಾಡಿ. ಸೋಫಾ ಸ್ಕೋರ್‌ನಲ್ಲಿ (ಅಂಗಾಂಗಗಳು ಎಷ್ಟು ಹದಗೆಟ್ಟಿವೆ ಅಂತ ಅಳೆಯುವ ಅಂಕ, ಹೆಚ್ಚಿದಷ್ಟೂ ಕೆಟ್ಟದ್ದು) 57,000ಕ್ಕೆ 2 ಅಂಕ, 50,000ಕ್ಕಿಂತ ಕೆಳಗೆ ಹೋದರೆ 3. ಚೂರುಗಳಿವೆ ಅಂದರೆ ಡಿಐಸಿ (ರಕ್ತನಾಳಗಳೊಳಗೆ ಎಲ್ಲೆಡೆ ಸಣ್ಣ ಹೆಪ್ಪುಗಳಾಗಿ ಕೆಂಪು ಕಣ ಒಡೆಯುವ ಸ್ಥಿತಿ) ಇರಬಹುದು, ಹೆಪ್ಪುಗಟ್ಟುವಿಕೆಯ ಟೆಸ್ಟ್‌ಗಳಾದ ಪಿಟಿ, ಎಪಿಟಿಟಿ, ಫೈಬ್ರಿನೋಜನ್, ಡಿ-ಡೈಮರ್ ಕಳಿಸುತ್ತೀರಾ ಅಂತ ಡಾಕ್ಟರನ್ನು ಕೇಳಿ.

ರಾತ್ರಿಪಾಳಿ:
ಹೇಳಿದೆ. ಇನ್ನೊಂದು ನೀಲಿ ಟ್ಯೂಬ್ ಬರುತ್ತಿದೆ. ರಿಪೋರ್ಟಲ್ಲಿ "ಸ್ಮಿಯರ್ ನೋಡಿ ಅಂದಾಜಿಸಿದ ಎಣಿಕೆ, ಗುಂಪುಗಳಿಲ್ಲ, ಒಡೆದ ಕೆಂಪು ಕಣಗಳಿವೆ" ಅಂತ ಬರೆದೆ.